ಕೈ ಬಿಟ್ಟರೆ ನಿಲ್ಲುವ ಡ್ರೋನ್, ಕೈ ಬಿಟ್ಟರೆ ಬೀಳುವ ಡ್ರೋನ್

ರೋಣದಲ್ಲಿ ಮದುವೆ ವಿಡಿಯೊ ಮಾಡುವ ನಮ್ಮ ಸೋದರಮಾವನ ಮಗ ಮೊನ್ನೆ ಫೋನ್ ಮಾಡಿದ್ದ. ‘ಅಣ್ಣಾ, ಈ ಸಲ ಎಫ್‌ಪಿವಿ ಡ್ರೋನೇ ತಗೋತೀನಿ. ರೀಲ್ಸ್ ನೋಡಿ ಎಲ್ಲಾರೂ ಅದನ್ನ ಕೇಳಾಕತ್ತಾರ.’ ಕೈಯಲ್ಲಿದ್ದದ್ದು ಒಂದು ಸೀಸನ್ನಿನ ಉಳಿತಾಯ, ಜೊತೆಗೆ ಅತ್ತೆ ಸಂಘದಿಂದ ತೆಗೆದುಕೊಟ್ಟ ಸಾಲ. ಎಡವಿದರೆ ಮುಂದಿನ ಸೀಸನ್ ಸಾಲ ತೀರಿಸುವುದರಲ್ಲೇ ಮುಗೀತು.

ಅವನ ಆಸೆ ತಪ್ಪಲ್ಲ. 2021ರ ಮಾರ್ಚ್‌ನಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನ ಒಂದು ಬೌಲಿಂಗ್ ಕೇಂದ್ರದ ವಿಡಿಯೊ ವೈರಲ್ ಆಗಿದ್ದು ನಿಮಗೆ ನೆನಪಿರಬಹುದು. ಡ್ರೋನ್ ರಸ್ತೆಯಿಂದ ಬಾಗಿಲೊಳಗೆ ನುಗ್ಗಿ, ಆಡುವವರ ನಡುವೆ ನುಸುಳಿ, ಪಿನ್ ಎತ್ತುವ ಯಂತ್ರದ ಹಿಂದೆಯೂ ಹೋಗಿ ಬರುತ್ತದೆ. ಅದನ್ನು ತೆಗೆದದ್ದು ಎಫ್‌ಪಿವಿ ಡ್ರೋನ್. ಹಾರಿಸುವವನು ಕಣ್ಣಿಗೆ ಗಾಗಲ್ಸ್ ಹಾಕಿಕೊಂಡು, ತಾನೇ ಡ್ರೋನಿನ ಮೂಗಿನ ಮೇಲೆ ಕೂತ ಹಾಗೆ ಓಡಿಸ್ತಾನೆ.

ಆದರೆ ನಾನು ಅವನಿಗೆ ಕೇಳಿದ್ದು ಒಂದೇ ಪ್ರಶ್ನೆ: ಹಾರಿಸುವಾಗ ಗಾಬರಿಯಾಗಿ ಕೈ ಬಿಟ್ಟರೆ ಏನಾಗ್ತದೆ?

ಸಾದಾ ಡ್ರೋನ್ ಆದರೆ ಜಿಪಿಎಸ್ ಹಿಡಿದು ಇದ್ದಲ್ಲೇ ನಿಲ್ಲುತ್ತೆ. ಎಫ್‌ಪಿವಿಯನ್ನು ಆಕ್ರೊ ಮೋಡ್‌ನಲ್ಲಿ ಹಾರಿಸುವಾಗ ಆ ಸೌಲಭ್ಯ ಇಲ್ಲ. ಯಾವ ಕೋನಕ್ಕೆ ವಾಲಿತ್ತೋ ಹಾಗೇ ಹೋಗ್ತಾ ಇರುತ್ತೆ, ನೆಲವೋ ಗೋಡೆಯೋ ಸಿಗುವ ತನಕ. ಎಫ್‌ಪಿವಿಯ ಸೊಗಸೂ ಅದೇ, ಅಪಾಯವೂ ಅದೇ. ತೇರಿನ ಸುತ್ತ ಸಾವಿರಾರು ಜನ ಸೇರಿರುವ ಜಾತ್ರೆಯಲ್ಲಿ, ತೆರೆದ ರೆಕ್ಕೆಗಳ ಕಾರ್ಬನ್ ಫೈಬರ್ ಚೌಕಟ್ಟೊಂದು ಉತ್ತತ್ತಿ ಎಸೆಯುವವರ ತಲೆ ಮೇಲೆ ಬೀಳುವುದನ್ನು ಊಹಿಸಿಕೊಳ್ಳಿ. ಗುಂಪಿನ ಮೇಲೆ ಸಾದಾ ಡ್ರೋನನ್ನೂ ತರಬಾರದು, ಎಫ್‌ಪಿವಿಯಂತೂ ಬೇಡವೇ ಬೇಡ.

ನರಗುಂದದ ಗುಡ್ಡಕ್ಕೆ ಬನ್ನಿ. ಸುತ್ತ ಎರೆಹೊಲ, ನಡುವೆ ಒಂಟಿ ಗುಡ್ಡ, 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಬಾಬಾಸಾಹೇಬರ ಕೋಟೆ. ಇಲ್ಲಿ ಬೇಕಾದದ್ದು ಎತ್ತರ ಮತ್ತು ನಿಧಾನ. ಸಾದಾ ಡ್ರೋನ್ ಅರ್ಧ ಗಂಟೆ ಹತ್ತಿರ ಗಾಳಿಯಲ್ಲಿರುತ್ತೆ, ಅಲುಗದಂತೆ ಗುಡ್ಡವನ್ನು ಸುತ್ತು ಹಾಕುತ್ತೆ. ಎಫ್‌ಪಿವಿಗೆ ಒಂದು ಬ್ಯಾಟರಿಗೆ ಐದಾರು ನಿಮಿಷ ಸಿಕ್ಕರೆ ಹೆಚ್ಚು.

ಗಜೇಂದ್ರಗಡದ ಲೆಕ್ಕ ಬೇರೆ. ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ನೆಟ್ಟಿದ್ದೇ ಅಲ್ಲಿ ಗಾಳಿ ಜೋರು ಅಂತ! 250 ಗ್ರಾಂ ಒಳಗಿನ ಪುಟ್ಟ ಡ್ರೋನ್‌ಗಳು ಹೆಚ್ಚೆಂದರೆ ಗಂಟೆಗೆ 38 ಕಿ.ಮೀ. ಆಸುಪಾಸಿನ ಗಾಳಿ ತಡೀತಾವೆ. ಗಾಳಿ ಬೆನ್ನಿಗಿದ್ದಾಗ ಖುಷಿಯಿಂದ ದೂರ ಹೋಗಿಬಿಡ್ತೀವಿ, ವಾಪಸ್ ಬರುವಾಗ ಬ್ಯಾಟರಿ ಸಾಲಲ್ಲ. ಅದಕ್ಕೇ ಮೊದಲು ಗಾಳಿಗೆ ಎದುರಾಗಿ ಹೋಗಿ, ಗಾಳಿಯ ಜೊತೆ ಮರಳಬೇಕು. ಐದಿಂಚಿನ ಎಫ್‌ಪಿವಿ ಇಂಥ ಗಾಳಿಯನ್ನು ಸೀಳಿಕೊಂಡು ಹೋಗುತ್ತೆ. ಗುಡ್ಡದ ರಸ್ತೆಯಲ್ಲಿ ಮದುಮಗನ ಬುಲೆಟ್ ಬೆನ್ನಟ್ಟಬೇಕಾದರೆ ಅದಕ್ಕೆ ಸಾಟಿಯಿಲ್ಲ, ರಸ್ತೆ ಖಾಲಿ ಇದ್ದರೆ ಮಾತ್ರ.

ಕಲ್ಯಾಣಮಂಟಪದೊಳಗೆ ರೆಕ್ಕೆಗೆ ಕವಚವಿರುವ ಸಣ್ಣ ಎಫ್‌ಪಿವಿ, ಅಂದರೆ ಸಿನಿವೂಪ್, ಚೆನ್ನ. ಅದನ್ನೂ ಮಂದಿ ಬರುವ ಮೊದಲೇ, ಖಾಲಿ ಅಲಂಕಾರದ ಶಾಟ್ ತೆಗೆದು ಇಳಿಸಿಬಿಡಿ. ಅಕ್ಷತೆ ಹೊತ್ತಿಗೆ ಅದರ ಕಿರ್ರೆನ್ನುವ ಸದ್ದು ಕೇಳಿದರೆ ಹಿರಿಯರು ಸುಮ್ಮನಿರಲ್ಲ.

ಇನ್ನು ಕಾಯ್ದೆ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂ ದಾಟಿದ ಡ್ರೋನಿನಿಂದ ದುಡ್ಡು ದುಡಿಯಬೇಕಾದರೆ ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಕು. ಗೋಪ್ರೊ ಹೊತ್ತ ಐದಿಂಚಿನ ಎಫ್‌ಪಿವಿ ಈ ತೂಕವನ್ನು ಸುಲಭವಾಗಿ ದಾಟುತ್ತೆ. ಹಸಿರು ವಲಯದಲ್ಲೂ 400 ಅಡಿಯೇ ಮಿತಿ. ಗಾಗಲ್ಸ್ ಹಾಕಿದವನಿಗೆ ಸುತ್ತಲಿನದು ಕಾಣಲ್ಲ, ಹಾಗಾಗಿ ಆಕಾಶ ನೋಡ್ತಾ ಪಕ್ಕದಲ್ಲಿ ಇನ್ನೊಬ್ಬ ನಿಲ್ಲಲೇಬೇಕು. 2022ರ ಫೆಬ್ರುವರಿಯಿಂದ ವಿದೇಶಿ ರೆಡಿಮೇಡ್ ಡ್ರೋನ್‌ಗಳ ಆಮದಿಗೂ ತಡೆ ಇದೆ, ಬಿಡಿಭಾಗ ತರಿಸಬಹುದು. ಎಫ್‌ಪಿವಿಯ ಮೋಟರ್ ಸುಟ್ಟರೆ ಬೆಸುಗೆ ಹಾಕಿ ನೀವೇ ಬದಲಾಯಿಸಬಹುದು. ಸಾದಾ ಡ್ರೋನ್ ಕೆಟ್ಟರೆ ದೊಡ್ಡ ಊರಿಗೇ ಕಳಿಸಬೇಕು. ಇದೊಂದು ಮಾತಿನಲ್ಲಿ ಅವನು ನನ್ನನ್ನು ಸೋಲಿಸಿದ, ಒಪ್ಪಿಕೊಂಡೆ.

ಕೊನೆಗೆ ಅವನು ಸಣ್ಣ ಸಾದಾ ಡ್ರೋನನ್ನೇ ತಗೊಂಡ. ಉಳಿದ ದುಡ್ಡಲ್ಲಿ ಎಫ್‌ಪಿವಿ ರಿಮೋಟ್ ಮಾತ್ರ ಕೊಂಡು, ಲ್ಯಾಪ್‌ಟಾಪ್‌ಗೆ ಸಿಮ್ಯುಲೇಟರ್ ಹಾಕಿಕೊಂಡಿದ್ದಾನೆ. ಮುಂದೆ ನಿಜವಾದ ಡ್ರೋನ್ ಬಂದಾಗಲೂ ಅದೇ ರಿಮೋಟ್ ನಡೆಯುತ್ತೆ. ನಿನ್ನೆ ಅತ್ತೆ ಫೋನ್ ಮಾಡಿದ್ರು: ‘ಏನಪಾ, ಕೆಲಸ ಕಲೀತೀನಿ ಅಂತ ಹೇಳಿ ರಾತ್ರಿಯೆಲ್ಲಾ ಗೇಮ್ ಆಡಾಕತ್ತಾನಲ್ಲ?’ ಹಿಂದಿನಿಂದ ಅವನ ದನಿ ಕೇಳಿಸ್ತು: ‘ಇವತ್ತು ನಲವತ್ತು ಸಲ ಬಿತ್ತಣ್ಣಾ, ಒಂದು ರೂಪಾಯಿನೂ ಖರ್ಚಾಗ್ಲಿಲ್ಲ!’