ಅನುಮತಿ ಇತ್ತೇ, ಉದ್ದೇಶ ಏನಿತ್ತು?

2017ರ ಆಗಸ್ಟ್ ಮೊದಲ ವಾರ ಬೆಂಗಳೂರಿನ ಸಿಸಿಬಿ ಪೊಲೀಸರು ಯಶವಂತಪುರದಲ್ಲಿ ವಾಸವಿದ್ದ 31 ವರ್ಷದ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರನ್ನು ಬಂಧಿಸಿದ ಸುದ್ದಿ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಖರಗ್‌ಪುರ ಐಐಟಿಯಲ್ಲಿ ಓದಿದವರು, ಟ್ಯಾಕ್ಸಿ ಆ್ಯಪ್ ಕಂಪನಿಯೊಂದರಲ್ಲಿ ಕೆಲಸ. ಆಧಾರ್ ಮಾಹಿತಿಗೆ ಅನುಮತಿಯಿಲ್ಲದೆ ಕೈಹಾಕಿದರು ಎಂಬುದು ಆರೋಪ. ವಿಶಿಷ್ಟ ಗುರುತಿನ ಪ್ರಾಧಿಕಾರದ ಪ್ರಾದೇಶಿಕ ಕಚೇರಿ ರೇಸ್‌ಕೋರ್ಸ್ ರಸ್ತೆಯ ಖನಿಜ ಭವನದಲ್ಲಿದೆ. ಅಲ್ಲಿನ ಅಧಿಕಾರಿ ಜುಲೈ 26ರಂದು ಕೊಟ್ಟ ದೂರು ಹೈಗ್ರೌಂಡ್ಸ್ ಠಾಣೆಗೆ ಹೋಗಿತ್ತು. ಆಧಾರ್‌ನ ತಂತ್ರಜ್ಞಾನ ಕೇಂದ್ರವಂತೂ ಹೆಬ್ಬಾಳಕ್ಕೆ ಹತ್ತಿರದ ಕೊಡಿಗೇಹಳ್ಳಿ ಟಾಟಾನಗರದಲ್ಲೇ ಇದೆ. ಆರೋಪಿ, ಆತ ಮುಟ್ಟಿದನೆನ್ನಲಾದ ವ್ಯವಸ್ಥೆ ಎರಡೂ ಉತ್ತರ ಬೆಂಗಳೂರಿನವೇ.

ಪೊಲೀಸರು ಹೇಳಿದ್ದು ಹೀಗೆ: ಎಂಜಿನಿಯರ್ ಒಂದು ಮೊಬೈಲ್ ಆ್ಯಪ್ ಮಾಡಿದ್ದರು. ಸರ್ಕಾರಿ ಆಸ್ಪತ್ರೆಗಳಿಗಾಗಿ ಕೇಂದ್ರ ಸರ್ಕಾರದ ತಂತ್ರಜ್ಞಾನ ಸಂಸ್ಥೆ ಎನ್‌ಐಸಿ ರೂಪಿಸಿದ್ದ ಇ-ಹಾಸ್ಪಿಟಲ್ ವ್ಯವಸ್ಥೆಯ ಸರ್ವರ್ ಮೂಲಕ ಅದು ಆಧಾರ್‌ನಿಂದ ಹೆಸರು, ವಿಳಾಸ, ಫೋನ್ ನಂಬರುಗಳನ್ನು ತರಿಸಿಕೊಳ್ಳುತ್ತಿತ್ತು. ಜಾಹೀರಾತಿನಿಂದ ಸುಮಾರು 40,000 ರೂಪಾಯಿ ಬಂದಿತ್ತು. ಪ್ರಾಧಿಕಾರ ಕೊಟ್ಟ ಸ್ಪಷ್ಟನೆಯಲ್ಲಿ ಇನ್ನೊಂದು ಮಾತಿತ್ತು. ಆ್ಯಪ್ ಬಳಸಿದವರು ತಮ್ಮ ಮೊಬೈಲಿಗೆ ಬಂದ ಓಟಿಪಿ ಹಾಕಿ ತಮ್ಮದೇ ವಿವರವನ್ನು ನೋಡಿಕೊಂಡರೇ ಹೊರತು ಬೇರೆಯವರ ಮಾಹಿತಿ ಸೋರಿಲ್ಲ, ಬೆರಳಚ್ಚಿನಂಥ ಬಯೋಮೆಟ್ರಿಕ್ ಮಾಹಿತಿ ಸುರಕ್ಷಿತವಾಗಿದೆ ಎಂಬುದು ಅದರ ಸಾರ.

ಜನರನ್ನು ಸಮಾಧಾನಪಡಿಸಲು ಆಡಿದ ಆ ಮಾತನ್ನು ವಕೀಲರ ಕಣ್ಣಿನಿಂದ ಓದಿ ನೋಡಿ. ತನ್ನ ಮಾಹಿತಿಯನ್ನು ತಾನೇ ಒಪ್ಪಿ ನೋಡಿಕೊಂಡವನಿಗೆ ಯಾವ ನಷ್ಟವಾಯಿತು? ಸರ್ವರಿನ ಒಡೆಯ ಒಪ್ಪಿರಲಿಲ್ಲ ಎಂಬುದಂತೂ ಉಳಿಯುತ್ತದೆ. ಹ್ಯಾಕಿಂಗ್ ಆರೋಪ ಹೊತ್ತವರ ಪರವಾಗಿ ನಡೆಯುವ ವಾದವೆಲ್ಲ ಈ ಎರಡರ ನಡುವೆ ಓಡಾಡುತ್ತದೆ.

2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಂ ಒಂದು ಪಟ್ಟಿ ಕೊಡುತ್ತದೆ. ಒಡೆಯನ ಅಥವಾ ಉಸ್ತುವಾರಿ ಇರುವವನ ಅನುಮತಿಯಿಲ್ಲದೆ ಕಂಪ್ಯೂಟರ್ ಪ್ರವೇಶಿಸುವುದು, ಮಾಹಿತಿ ನಕಲು ಮಾಡುವುದು, ವೈರಸ್ ಬಿಡುವುದು, ಸೋರ್ಸ್ ಕೋಡ್ ಕದಿಯುವುದು ಹೀಗೆ. ಇಷ್ಟಕ್ಕೆ ಸಿಗುವುದು ಜೈಲಲ್ಲ, ಪರಿಹಾರದ ಹೊಣೆ. ಅದೇ ಕೃತ್ಯವನ್ನು ಅಪ್ರಾಮಾಣಿಕವಾಗಿ ಅಥವಾ ವಂಚನೆಯ ಉದ್ದೇಶದಿಂದ ಮಾಡಿದರೆ ಮಾತ್ರ 66ನೇ ಕಲಂ ಪ್ರಕಾರ ಅಪರಾಧ. ಮೂರು ವರ್ಷದವರೆಗೆ ಸೆರೆ, ಐದು ಲಕ್ಷದವರೆಗೆ ದಂಡ, ಅಥವಾ ಎರಡೂ. ಅಂದರೆ ಒಳಹೊಕ್ಕದ್ದನ್ನು ತೋರಿಸಿದರೆ ಸಾಲದು. ಅಕ್ರಮವಾಗಿ ಲಾಭ ಮಾಡಿಕೊಳ್ಳುವ ಅಥವಾ ಇನ್ನೊಬ್ಬನಿಗೆ ನಷ್ಟ ಮಾಡುವ ಮನಸ್ಸಿತ್ತು ಎಂಬುದನ್ನೂ ಪ್ರಾಸಿಕ್ಯೂಷನ್ ಸಾಬೀತು ಮಾಡಬೇಕು. ಯಶವಂತಪುರದ ಪ್ರಕರಣದಲ್ಲಿ 40,000 ರೂಪಾಯಿಯ ಲೆಕ್ಕಕ್ಕೆ ತೂಕ ಬರುವುದು ಇಲ್ಲಿಯೇ. ಬಾಗಿಲು ತೆರೆದಿದ್ದ ಮನೆಯೊಳಗೆ ಹೋದವನು ಕಳ್ಳನೋ ಅಲ್ಲವೋ ಎಂದು ತೀರ್ಮಾನಿಸಲು ಅವನ ಕೈಯಲ್ಲಿ ಏನಿತ್ತು ಎಂದು ನೋಡುತ್ತೇವಲ್ಲ, ಹಾಗೆ. ಆದರೆ ಬಾಗಿಲು ತೆರೆದಿತ್ತು ಎಂಬುದೊಂದೇ ಸಮರ್ಥನೆಯಾಗದು. ಬೀಗ ಹಾಕಿರಬೇಕು ಎಂಬ ಷರತ್ತು 43ನೇ ಕಲಮಿನಲ್ಲಿಲ್ಲ.

ಅಮೆರಿಕದಲ್ಲಿ ಇದೇ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಜಾರ್ಜಿಯಾ ರಾಜ್ಯದ ಪೊಲೀಸನೊಬ್ಬ ದುಡ್ಡು ತೆಗೆದುಕೊಂಡು ಇಲಾಖೆಯ ಕಂಪ್ಯೂಟರಿನಲ್ಲಿ ವಾಹನದ ನಂಬರ್ ಒಂದನ್ನು ಹುಡುಕಿಕೊಟ್ಟಿದ್ದ. ನೋಡುವ ಅಧಿಕಾರ ಇದ್ದವನು ತಪ್ಪು ಕಾರಣಕ್ಕೆ ನೋಡಿದ ಮಾತ್ರಕ್ಕೆ ಅದು ಹ್ಯಾಕಿಂಗ್ ಕಾಯ್ದೆಯಡಿ ಅಪರಾಧವಾಗದು ಎಂದು ವ್ಯಾನ್ ಬ್ಯೂರೆನ್ ಪ್ರಕರಣದಲ್ಲಿ 2021ರ ಜೂನ್‌ನಲ್ಲಿ ಆರು–ಮೂರು ಬಹುಮತದ ತೀರ್ಪು ಬಂತು. ನಮ್ಮಲ್ಲಿ ಈ ವಾದ ಪೂರ್ತಿ ಹೊಂದುವುದಿಲ್ಲ. ನೋಡುವುದಕ್ಕೆ ಅನುಮತಿ ಇದ್ದರೂ ನಕಲು ಮಾಡುವುದಕ್ಕೆ ಬೇರೆ ಅನುಮತಿ ಬೇಕು ಎಂಬ ಅರ್ಥ ನಮ್ಮ ಕಾಯ್ದೆಯಿಂದ ಹೊರಡುತ್ತದೆ. ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕೆಲಸ ಬಿಡುವ ದಿನ ತಾನೇ ಬರೆದ ಕೋಡನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಹೊರಡುವವರು ಇದನ್ನು ತಿಳಿದಿರಬೇಕು. ಡ್ರೋನ್ ತಯಾರಿಸುವ ಬೆಂಗಳೂರಿನ ಕಂಪನಿಯೊಂದು ಮಾಜಿ ನೌಕರರ ಮೇಲೆ ಇಂಥದ್ದೇ ದೂರು ಕೊಟ್ಟಿದ್ದ ಪ್ರಕರಣದಲ್ಲಿ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು 2025ರ ಏಪ್ರಿಲ್‌ನಲ್ಲಿ ವಿಶೇಷ ತನಿಖಾ ತಂಡ ರಚಿಸಿ, ರಾಜ್ಯದಲ್ಲಿ ಸೈಬರ್ ಕಮಾಂಡ್ ಕೇಂದ್ರ ಸ್ಥಾಪಿಸಲೂ ಸೂಚಿಸಿದರು.

ಇನ್ನು ಜಾಮೀನು. ಮೂರು ವರ್ಷ ಶಿಕ್ಷೆಯ ಅಪರಾಧಕ್ಕೆ ಜಾಮೀನು ಹಕ್ಕು ಎಂದು ಐಟಿ ಕಾಯ್ದೆಯ 77ಬಿ ಹೇಳುತ್ತದೆ. ತನಿಖೆಯನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ಮಾಡುವಂತಿಲ್ಲ. ಹಾಗಿದ್ದೂ ಆರೋಪಿಗಳು ಒಳಗೆ ಕೂರುವುದು ಏಕೆಂದರೆ ಎಫ್‌ಐಆರ್‌ನಲ್ಲಿ ವಂಚನೆ, ಫೋರ್ಜರಿ, ಒಳಸಂಚಿನ ಕಲಂಗಳೂ ಸೇರಿಕೊಳ್ಳುತ್ತವೆ. ಐಟಿ ಕಾಯ್ದೆಯೇ ಪೂರ್ತಿ ಆವರಿಸುವ ಕೃತ್ಯಕ್ಕೆ ಐಪಿಸಿ ಕಲಂ ಹೇರಬಾರದೆಂದು ಬಾಂಬೆ ಹೈಕೋರ್ಟ್ 2018ರಲ್ಲಿ ಗಗನ್ ಹರ್ಷ ಶರ್ಮಾ ಪ್ರಕರಣದಲ್ಲಿ ಹೇಳಿತು. ಎಲ್ಲ ಪೀಠಗಳೂ ಇದನ್ನು ಒಂದೇ ರೀತಿ ಕಂಡಿಲ್ಲ. ಆದರೂ ಜಾಮೀನು ಅರ್ಜಿಯಲ್ಲಿ ವಕೀಲರು ಮೊದಲು ಎತ್ತಬೇಕಾದ ವಾದ ಇದು. ಆಧಾರ್ ಕೇಂದ್ರ ಭಂಡಾರವನ್ನೇ ಅನಧಿಕೃತವಾಗಿ ಪ್ರವೇಶಿಸಿದರೆ ಲೆಕ್ಕ ಬೇರೆ. 2016ರಲ್ಲಿ ಅದಕ್ಕೆ ಮೂರು ವರ್ಷದವರೆಗೆ ಶಿಕ್ಷೆ ಇತ್ತು, 2019ರ ತಿದ್ದುಪಡಿ ಅದನ್ನು ಹತ್ತು ವರ್ಷಕ್ಕೆ ಏರಿಸಿತು.

ನನ್ನ ಮಟ್ಟಿಗೆ ಇಡೀ ವಿಷಯದ ಜೀವ ಇರುವುದು ಸಾಕ್ಷ್ಯದಲ್ಲಿ. ಪೊಲೀಸರ ಕೈಗೆ ಸಾಮಾನ್ಯವಾಗಿ ಮೊದಲು ಸಿಗುವುದು ಒಂದು ಐಪಿ ವಿಳಾಸ. ಅದು ಸಂಪರ್ಕದ ಗುರುತೇ ಹೊರತು ಮನುಷ್ಯನ ಗುರುತಲ್ಲ. ಆರ್.ಟಿ. ನಗರದ ಒಂದು ಪಿಜಿಯಲ್ಲಿ ವೈಫೈ ಪಾಸ್‌ವರ್ಡ್ ಗೋಡೆಗೆ ಅಂಟಿಸಿದ್ದರೆ ಅಲ್ಲಿ ಇರುವವರು, ಬಂದುಹೋಗುವವರು ಎಲ್ಲರಿಗೂ ಒಂದೇ ವಿಳಾಸ. ಮೊಬೈಲ್ ಕಂಪನಿಗಳು ಒಂದೇ ಸಾರ್ವಜನಿಕ ಐಪಿಯ ಹಿಂದೆ ಎಷ್ಟೋ ಗ್ರಾಹಕರನ್ನು ಕೂರಿಸುತ್ತವೆ. ಪೋರ್ಟ್ ಸಂಖ್ಯೆ, ಕ್ಷಣದವರೆಗಿನ ಸಮಯ ಇಲ್ಲದಿದ್ದರೆ ಯಾರೆಂದು ಬಿಡಿಸಿ ಹೇಳಲಾಗದು. ಬಹಳಷ್ಟು ಸರ್ವರ್‌ಗಳ ಲಾಗ್‌ನಲ್ಲಿ ಇರುವುದು ಅಂತರರಾಷ್ಟ್ರೀಯ ಕಾಲಮಾನ. ನಮ್ಮ ಗಡಿಯಾರಕ್ಕೂ ಅದಕ್ಕೂ ಐದೂವರೆ ಗಂಟೆ ವ್ಯತ್ಯಾಸ. ಅದನ್ನು ಕೂಡಿಸಲು ಮರೆತರೆ ರಾತ್ರಿ ಮಾಡಿದವನ ಬದಲು ಸಂಜೆ ಅದೇ ಐಪಿ ಸಿಕ್ಕಿದವನ ಮನೆಗೆ ಪೊಲೀಸರು ಬರುತ್ತಾರೆ.

ಇದು ಕಲ್ಪನೆಯ ಭಯವಲ್ಲ. 2007ರ ಆಗಸ್ಟ್ ಕೊನೆಯಲ್ಲಿ ಪುಣೆ ಪೊಲೀಸರು ಬೆಂಗಳೂರಿನ ಐಟಿ ಉದ್ಯೋಗಿಯೊಬ್ಬರನ್ನು ಬಂಧಿಸಿ ಕರೆದೊಯ್ದರು. ಆರ್ಕುಟ್‌ನಲ್ಲಿ ಶಿವಾಜಿ ಮಹಾರಾಜರಿಗೆ ಅಪಮಾನ ಮಾಡುವ ಚಿತ್ರ ಹಾಕಿದರೆಂಬ ಆರೋಪ. ಹ್ಯಾಕಿಂಗ್ ಅಲ್ಲವಾದರೂ ಸಾಕ್ಷ್ಯ ಅದೇ ಜಾತಿಯದು. ಇಂಟರ್‌ನೆಟ್ ಕಂಪನಿ ಕೊಟ್ಟ ಐಪಿ ವಿವರ ತಪ್ಪಾಗಿತ್ತು. ಯಾವ ತಪ್ಪೂ ಮಾಡದ ಆ ಮನುಷ್ಯ 50 ದಿನ ಯೆರವಾಡ ಜೈಲಿನಲ್ಲಿದ್ದರು. ಮಹಾರಾಷ್ಟ್ರ ಮಾನವ ಹಕ್ಕುಗಳ ಆಯೋಗ ಮುಂದೆ ಕಂಪನಿ ಎರಡು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದಿತು. ಕಳೆದ 50 ದಿನಗಳನ್ನು ಯಾವ ಆಯೋಗವೂ ಮರಳಿ ಕೊಡಲಾರದು ಎಂದು ನೆನೆದಾಗಲೆಲ್ಲ ಸಂಕಟವಾಗುತ್ತದೆ.

ಐಪಿಯ ನಂತರ ಲ್ಯಾಪ್‌ಟಾಪ್. ಮಹಜರಿನಲ್ಲಿ ಮೇಕ್, ಮಾಡೆಲ್, ಸೀರಿಯಲ್ ನಂಬರ್ ಬರೆದರಷ್ಟೇ ಆಗಲಿಲ್ಲ. ಡಿಸ್ಕಿನಲ್ಲಿರುವುದೆಲ್ಲವನ್ನೂ ಲೆಕ್ಕ ಹಾಕಿ ತೆಗೆಯುವ ಹ್ಯಾಷ್ ಮೌಲ್ಯ ಬೇಕು. ಒಂದು ಅಕ್ಷರ ಬದಲಾದರೂ ಅದು ಬದಲಾಗುತ್ತದೆ. ಡಿಜಿಟಲ್ ದಾಖಲೆಗೆ ಪ್ರಮಾಣಪತ್ರ ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಅನ್ವರ್ ಪ್ರಕರಣದಲ್ಲಿ ಹೇಳಿ, 2020ರಲ್ಲಿ ಅರ್ಜುನ್ ಪಂಡಿತ್‌ರಾವ್ ಪ್ರಕರಣದಲ್ಲಿ ಅದನ್ನೇ ಗಟ್ಟಿ ಮಾಡಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಮಾಣಪತ್ರವನ್ನು ಎರಡು ಭಾಗ ಮಾಡಿದೆ. ದಾಖಲೆ ಹಾಜರುಪಡಿಸುವವರದೊಂದು, ಪರಿಣತರದೊಂದು. ಹ್ಯಾಷ್ ಮೌಲ್ಯ ನಮೂದಿಸಬೇಕು. ಶೋಧ, ಜಪ್ತಿಯ ವಿಡಿಯೊ ಚಿತ್ರೀಕರಣವನ್ನು ಹೊಸ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಕಡ್ಡಾಯ ಮಾಡಿದೆ. ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಪ್ರಕರಣಗಳಲ್ಲಿ ವಿಧಿವಿಜ್ಞಾನ ತಂಡ ಸ್ಥಳಕ್ಕೆ ಬರಬೇಕೆಂಬ ನಿಯಮ ಮಾತ್ರ 66ನೇ ಕಲಮಿನ ಪ್ರಕರಣಕ್ಕೆ ತಾನಾಗಿ ಅನ್ವಯವಾಗದು. ಅದಕ್ಕೇ ಪಾಟಿ ಸವಾಲಿನಲ್ಲಿ ಕೇಳಬೇಕಾದ್ದು ಬಹಳ ಇರುತ್ತದೆ. ಜಪ್ತಿಗೂ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೂ ನಡುವೆ ಯಂತ್ರ ಎಲ್ಲಿತ್ತು, ಯಾರು ಆನ್ ಮಾಡಿದರು?

ರಾಜ್ಯದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್‌ನಿಂದ 11.5 ಕೋಟಿ ರೂಪಾಯಿ ಲಪಟಾಯಿಸಿದ ಆರೋಪವೂ ಸೇರಿದ್ದ ಬಿಟ್‌ಕಾಯಿನ್ ಹಗರಣ ಈ ಪ್ರಶ್ನೆಯ ತೂಕ ತೋರಿಸಿತು. 2020ರಲ್ಲಿ ಮುಖ್ಯ ಆರೋಪಿಯನ್ನು ಹಿಡಿದದ್ದು ಸಿಸಿಬಿ. ಸಾಕ್ಷ್ಯ ತಿರುಚಿದ ಆರೋಪದ ಮೇಲೆ 2024ರ ಜನವರಿಯಲ್ಲಿ ವಿಶೇಷ ತನಿಖಾ ತಂಡ ಬಂಧಿಸಿದ್ದು ಆ ತನಿಖೆಯಲ್ಲಿದ್ದ ಇನ್‌ಸ್ಪೆಕ್ಟರ್ ಒಬ್ಬರನ್ನು ಮತ್ತು ಪೊಲೀಸರಿಗೆ ನೆರವಾಗಿದ್ದ ಖಾಸಗಿ ಸೈಬರ್ ಪರಿಣತರೊಬ್ಬರನ್ನು. ಆರೋಪಗಳು ಸಾಬೀತಾಗಬೇಕು ಎಂಬ ಮಾತು ಅವರಿಗೂ ಸಲ್ಲಬೇಕು.

ಪಾಸ್‌ವರ್ಡ್ ಕೊಡಲೇಬೇಕೇ? ಹೈಕೋರ್ಟಿನ ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ 2021ರ ಮಾರ್ಚ್‌ನಲ್ಲಿ ಕೊಟ್ಟ ತೀರ್ಪು ಕರ್ನಾಟಕಕ್ಕೆ ದಾರಿ. ಪಾಸ್‌ವರ್ಡ್ ಹೇಳುವುದು ತನ್ನ ವಿರುದ್ಧ ತಾನೇ ಸಾಕ್ಷಿ ನುಡಿದಂತಲ್ಲ, ಆರೋಪಿ ನಿರಾಕರಿಸಿದರೆ ತನಿಖಾಧಿಕಾರಿ ಕೋರ್ಟಿನಿಂದ ವಾರಂಟ್ ಪಡೆಯಬಹುದು ಎಂದರು ಅವರು. ಮೊಬೈಲ್, ಕಂಪ್ಯೂಟರ್ ಜಪ್ತಿ ಹೇಗೆ ನಡೆಯಬೇಕೆಂಬ ಮಾರ್ಗಸೂಚಿಯನ್ನೂ ಅದರಲ್ಲೇ ಕೊಟ್ಟರು. ದೆಹಲಿಯ ಸಿಬಿಐ ವಿಶೇಷ ನ್ಯಾಯಾಲಯ 2022ರಲ್ಲಿ ಬೇರೆ ನಿಲುವು ತಳೆಯಿತು. ಆದ್ದರಿಂದ ಠಾಣೆಯಲ್ಲಿ ಗಾಬರಿಯಿಂದ ಚೀಟಿಯಲ್ಲಿ ಬರೆದುಕೊಡುವ ಮುನ್ನ ವಕೀಲರನ್ನು ಕೇಳುವುದು ಒಳ್ಳೆಯದು.

ಯಲಹಂಕ, ಮತ್ತಿಕೆರೆ ಸುತ್ತಲಿನ ಎಂಜಿನಿಯರಿಂಗ್ ಕಾಲೇಜುಗಳ ಹುಡುಗ ಹುಡುಗಿಯರ ಬಗ್ಗೆ ನನಗೆ ಹೆಚ್ಚು ಆತಂಕ. ಸರ್ಕಾರಿ ವೆಬ್‌ಸೈಟಿನ ದೋಷ ಕಂಡುಹಿಡಿದು ತಿಳಿಸಿದರೆ ಮೆಚ್ಚುತ್ತಾರೆಂದು ನಂಬುವ ವಯಸ್ಸು. ಸದುದ್ದೇಶದ ಸಂಶೋಧಕರ ಮೇಲೆ ಮೊಕದ್ದಮೆ ಹೂಡಬಾರದೆಂದು ಅಮೆರಿಕದ ನ್ಯಾಯ ಇಲಾಖೆ 2022ರ ಮೇನಲ್ಲಿ ನೀತಿ ಮಾಡಿಕೊಂಡಿತು. ನಮ್ಮ ಐಟಿ ಕಾಯ್ದೆಯಲ್ಲಿ ಅಂಥ ರಕ್ಷಣೆಯ ಒಂದು ಸಾಲೂ ಇಲ್ಲ. ಆಧಾರ್ ಪ್ರಾಧಿಕಾರ ಅದೇ ವರ್ಷ ದೋಷ ಹುಡುಕಲು ಪರಿಣತರನ್ನು ಕರೆಯಿತು, ಆದರೆ ಆಯ್ದ 20 ಮಂದಿಗಷ್ಟೇ ಅವಕಾಶ. ಉಳಿದವರಿಗೆ ಇರುವ ರಕ್ಷೆ ಲಿಖಿತ ಅನುಮತಿಯೊಂದೇ: ಯಾವ ಸರ್ವರ್, ಯಾವ ದಿನ, ಎಲ್ಲಿಯವರೆಗೆ ಎಂದು ಸಂಸ್ಥೆಯ ಜವಾಬ್ದಾರರು ಸಹಿ ಮಾಡಿದ ಕಾಗದ ಅಥವಾ ಇಮೇಲ್.

ಅದಿಲ್ಲದೆ ಸಿಕ್ಕಿಬಿದ್ದವರೂ ಕೈಚೆಲ್ಲಬೇಕಿಲ್ಲ. ಏಳು ವರ್ಷದವರೆಗಿನ ಶಿಕ್ಷೆಯ ಪ್ರಕರಣಗಳಲ್ಲಿ ಬಂಧನ ಅಗತ್ಯವಿಲ್ಲದಿದ್ದರೆ ಪೊಲೀಸರು ನಾಗರಿಕ ಸುರಕ್ಷಾ ಸಂಹಿತೆಯ 35(3)ನೇ ಕಲಮಿನ ನೋಟಿಸು ಕೊಟ್ಟು ಕರೆಯಬೇಕು. ತಪ್ಪದೆ ಹಾಜರಾದವರನ್ನು ಕಾರಣ ಬರೆದಿಡದೆ ಬಂಧಿಸುವಂತಿಲ್ಲ. ನೋಟಿಸು ಬಂದ ಮೇಲೆ ಏನನ್ನೂ ಅಳಿಸಬಾರದು, ಫಾರ್ಮ್ಯಾಟ್ ಮಾಡಬಾರದು. ಸಾಕ್ಷ್ಯನಾಶದ ಕಲಂ ಸೇರಿದರೆ ಇದ್ದ ಒಳ್ಳೆಯ ವಾದವೂ ಕೆಡುತ್ತದೆ. ಬಂಧನವೇ ಆದರೆ ಕಾರಣವನ್ನು ಲಿಖಿತವಾಗಿ ಕೇಳಿ ಪಡೆಯಬೇಕು. ವಕೀಲರ ಫೀಸಿಗೆ ಹಣವಿಲ್ಲದವರ ಮನೆಯವರಿಗೊಂದು ಮಾತು: ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಕಸ್ಟಡಿಯಲ್ಲಿರುವ ಯಾರಿಗೇ ಆದರೂ, ಅವರ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗಬೇಕು. ಮೊದಲ ರಿಮಾಂಡ್ ದಿನವೇ ಮ್ಯಾಜಿಸ್ಟ್ರೇಟರ ಮುಂದೆ ಅದನ್ನು ಕೇಳಬಹುದು.