ಮಕ್ಕಳಿಗೆ ಮಣ್ಣಿನ ಪಾಠ: ಹಗರಿ ದಂಡೆಯಿಂದಲೇ ಆರಂಭಿಸೋಣ

ಮರುಭೂಮಿ ಎಂದೊಡನೆ ನಮ್ಮ ಮಕ್ಕಳಿಗೆ ನೆನಪಾಗುವುದು ರಾಜಸ್ಥಾನ. ಥಾರ್ ಮರುಭೂಮಿ ಎಲ್ಲಿದೆ, ಅಲ್ಲಿ ಮಳೆ ಎಷ್ಟು, ಒಂಟೆಯ ಉಪಯೋಗವೇನು ಎಂದು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆಯುತ್ತಾರೆ. ಆದರೆ ರಾಯದುರ್ಗ ಸೀಮೆಯ ಬೊಮ್ಮನಹಾಳ್ ಮಂಡಲದಲ್ಲಿ ದರ್ಗಾ ಹೊನ್ನೂರು ಎಂಬ ಊರಿದೆ. ಮರುಭೂಮಿಯ ದೃಶ್ಯ ಬೇಕೆಂದು ಸಿನಿಮಾದವರು ರಾಜಸ್ಥಾನಕ್ಕೆ ಹೋಗದೆ ಆ ಊರಿನ ಮರಳು ದಿಬ್ಬಗಳಿಗೆ ಬಂದು ಚಿತ್ರೀಕರಣ ನಡೆಸಿ ಹೋಗಿದ್ದಾರೆ. ಅಲ್ಲಿ ಮರಳಿನಡಿ ಇರುವುದು ರೈತರ ಹೊಲಗಳು. ದೂರದ ಮರುಭೂಮಿಯನ್ನು ಓದುವ ಮಕ್ಕಳಿಗೆ ಹತ್ತಿರದ ಮರಳು ಪಾಠವಾಗಿಲ್ಲ. ಈ ಕೊರತೆಯನ್ನು ತುಂಬಲು ದೊಡ್ಡ ಪ್ರಯೋಗಾಲಯ ಬೇಕಾಗಿಲ್ಲ. ಒಂದು ಗುದ್ದಲಿ, ಕೆಲವು ಖಾಲಿ ಬಾಟಲಿ, ಸ್ವಲ್ಪ ತಾಳ್ಮೆ ಇದ್ದರೆ ಸಾಕು.

ಮರಳು ಬಂದದ್ದು ಹೇಗೆ?

ನಾವು ಹಗರಿ ಎಂದು ಕರೆಯುವ ವೇದಾವತಿ ನದಿ ಚಿಕ್ಕಮಗಳೂರಿನ ಬಾಬಾಬುಡನ್ ಗಿರಿಯ ಕಡೆಯಿಂದ ಇಳಿದು, ಹಿರಿಯೂರು ದಾಟಿ ಅನಂತಪುರ ಜಿಲ್ಲೆಯನ್ನು ಸೇರುತ್ತದೆ. ಕಣೇಕಲ್, ಬೊಮ್ಮನಹಾಳ್ ಸೀಮೆಯಲ್ಲಿ ಹರಿದು, ಬಳ್ಳಾರಿ ಜಿಲ್ಲೆಯಲ್ಲಿ ತುಂಗಭದ್ರೆಗೆ ಕೂಡುತ್ತದೆ. ಹಿರಿಯೂರಿನ ಮಾರಿಕಣಿವೆಯಲ್ಲಿ 1907ರಲ್ಲಿ ವಾಣಿವಿಲಾಸ ಸಾಗರ ಮುಗಿಯಿತು. ಆನಂತರ ಗುಮ್ಮಗಟ್ಟ ಮಂಡಲದಲ್ಲಿ ಭೈರವಾನಿತಿಪ್ಪ ಅಣೆಕಟ್ಟು ಬಂದಿತು. ಇವುಗಳಿಂದ ಸಾವಿರಾರು ಕುಟುಂಬಗಳಿಗೆ ನೀರಾವರಿ ದೊರೆತದ್ದು ನಿಜ. ಆದರೆ ಕೆಳಗಿನ ಪಾತ್ರದಲ್ಲಿ ನೀರು ಹರಿಯುವ ದಿನಗಳು ಕಡಿಮೆಯಾದವು. ವಾಣಿವಿಲಾಸ ಸಾಗರ 1933ರಲ್ಲಿ ತುಂಬಿ ಕೋಡಿ ಹರಿದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಅಂದರೆ 89 ವರ್ಷಗಳ ನಂತರ ಎಂದರೆ ಪರಿಸ್ಥಿತಿ ಅರ್ಥವಾದೀತು.

ನೀರಿಲ್ಲದ ನದಿಯಲ್ಲಿ ಉಳಿಯುವುದು ಒಣ ಮರಳು. ಜೂನ್‌ನಿಂದ ಆಗಸ್ಟ್‌ವರೆಗೆ ಪಶ್ಚಿಮದ ಕಡೆಯಿಂದ ಬೀಸುವ ಆಷಾಢದ ಗಾಳಿ ಈ ಮರಳನ್ನೆತ್ತಿ ಪೂರ್ವ ದಂಡೆಯ ಹೊಲಗಳ ಮೇಲೆ ಹರಡುತ್ತದೆ. ಹಿಂದೆ ದಂಡೆಯ ಮೇಲೆ, ಬದುಗಳ ಮೇಲೆ ಮರಗಿಡಗಳಿದ್ದವು. ಗಾಳಿಯ ರಭಸ ಅಲ್ಲಿಯೇ ಮುರಿಯುತ್ತಿತ್ತು. ಮರಗಳು ಹೋದವು. ಸಜ್ಜೆ, ನವಣೆ, ಹುರುಳಿ, ತೊಗರಿ ಕೂಡಿ ಬೆಳೆಯುತ್ತಿದ್ದ ಹೊಲಗಳಲ್ಲಿ ಶೇಂಗಾ ಒಂದೇ ಬೆಳೆಯಾಯಿತು. ಶೇಂಗಾ ಕೀಳುವಾಗ ಗಿಡ ಬೇರುಸಮೇತ ಬರುತ್ತದೆ; ಹೊಟ್ಟು ದನಗಳಿಗೆ ಹೋಗುತ್ತದೆ. ಹೊಲದಲ್ಲಿ ಕೂಳೆಯೂ ಉಳಿಯದು. ಸಡಿಲವಾದ ಬರಿ ಮಣ್ಣು ಮುಂದಿನ ಮಳೆಯವರೆಗೆ ಬಿಸಿಲಿಗೂ ಗಾಳಿಗೂ ತೆರೆದುಕೊಂಡಿರುತ್ತದೆ.

ಅನಂತಪುರ ಸೀಮೆಗೆ ವರ್ಷಕ್ಕೆ ಬೀಳುವ ಮಳೆಯೇ ಸರಾಸರಿ ಐನೂರು ಚಿಲ್ಲರೆ ಮಿಲಿಮೀಟರ್. ಇಂಥ ಕಡೆ ಒಮ್ಮೆ ಕೆಟ್ಟ ನೆಲ ತಾನಾಗಿ ಬೇಗ ಸುಧಾರಿಸುವುದಿಲ್ಲ. ಇದನ್ನೇ ಸೂಕ್ಷ್ಮ ಪರಿಸರ ಎನ್ನುತ್ತಾರೆ. ಸೂಕ್ಷ್ಮ ಪರಿಸರವೆಂದರೆ ಪಶ್ಚಿಮ ಘಟ್ಟದ ಕಾಡು ಮಾತ್ರವಲ್ಲ. ನಮ್ಮ ಕುರಚಲು ಗುಡ್ಡ, ಹುಲ್ಲುಗಾವಲು, ಮರಳು ದಂಡೆಗಳೂ ಅದೇ ಜಾತಿಯವು ಎಂಬುದನ್ನು ಮಕ್ಕಳು ಮೊದಲು ತಿಳಿಯಬೇಕು.

ಮಡಕಶಿರಾ ಕಡೆಯ ಕಥೆ ಬೇರೆ

2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿರುವ ಮಡಕಶಿರಾ ಸೀಮೆಯಲ್ಲಿ ಮಣ್ಣನ್ನು ಒಯ್ಯುವುದು ಹೆಚ್ಚಾಗಿ ನೀರು. ಬಂಡೆಗುಡ್ಡಗಳ ಇಳಿಜಾರಿನಲ್ಲಿ ತೆಳುವಾದ ಕೆಂಪು ಮಣ್ಣು. ಎರಡು ಜೋರು ಮಳೆ ಬಂದರೆ ಮೇಲ್ಮಣ್ಣು ಹಳ್ಳ ಹಿಡಿದು ಕೆರೆ ಸೇರುತ್ತದೆ. ಹೊಲ ಬಡವಾಗುತ್ತದೆ, ಕೆರೆ ಹೂಳು ತುಂಬುತ್ತದೆ. ಹೀಗೆ ಒಂದೇ ನಷ್ಟ ಎರಡು ಕಡೆ. ಬೇಸಿಗೆಯಲ್ಲಿ ಕೆರೆಯ ಗೋಡು ಮಣ್ಣನ್ನು ಗಾಡಿಯಲ್ಲಿ ತಂದು ಹೊಲಕ್ಕೆ ಹಾಕುತ್ತಿದ್ದ ನಮ್ಮ ಹಿರಿಯರು ಕಳೆದುಹೋದ ಮಣ್ಣನ್ನೇ ಮನೆಗೆ ಕರೆತರುತ್ತಿದ್ದರು. ಈ ಒಂದು ಮಾತನ್ನು ಮಕ್ಕಳಿಗೆ ಹೇಳಿದರೆ ಕೆರೆ ಮತ್ತು ಹೊಲದ ಸಂಬಂಧ ಅವರಿಗೆ ಹೊಳೆಯುತ್ತದೆ.

ಒಂದು ಲೆಕ್ಕ

ಮಣ್ಣಿನ ನಷ್ಟ ಕಣ್ಣಿಗೆ ಕಾಣುವುದಿಲ್ಲ, ಅದಕ್ಕೇ ನಾವು ಚಿಂತಿಸುವುದಿಲ್ಲ. ಆರು–ಏಳನೇ ತರಗತಿಯ ಮಕ್ಕಳಿಗೆ ಈ ಲೆಕ್ಕ ಕೊಡಬಹುದು. ಒಂದು ಎಕರೆ ಎಂದರೆ ಸುಮಾರು 4,000 ಚದರ ಮೀಟರ್. ಅದರ ಮೇಲಿಂದ ಬರಿ ಒಂದು ಮಿಲಿಮೀಟರ್ ಮಣ್ಣು ಹೋದರೆ 4 ಘನ ಮೀಟರ್ ಮಣ್ಣು ಹೋಯಿತು. ತೂಕದಲ್ಲಿ ಅದು ಐದಾರು ಟನ್. ಸುಮಾರು ಎರಡು ಟ್ರಾಕ್ಟರ್ ಟ್ರೇಲರ್ ತುಂಬುವಷ್ಟು. ರಾತ್ರೋರಾತ್ರಿ ಯಾರಾದರೂ ನಮ್ಮ ಹೊಲದಿಂದ ಎರಡು ಟ್ರೇಲರ್ ಮಣ್ಣು ಕದ್ದೊಯ್ದರೆ ಪೊಲೀಸ್ ಠಾಣೆಗೆ ಹೋಗುತ್ತೇವೆ. ಗಾಳಿ ಮಳೆ ಒಯ್ದರೆ ಗಮನಿಸುವುದೂ ಇಲ್ಲ. ಹೋದ ಮಣ್ಣಿನಲ್ಲಿ ಗೊಬ್ಬರದ ಸಾರವೂ ಇರುತ್ತದೆ. ಒಂದು ಅಂಗುಲ ಮಣ್ಣು ಹುಟ್ಟಲು ಪ್ರಕೃತಿಗೆ ನೂರಾರು ವರ್ಷ ಬೇಕು ಎಂಬುದನ್ನು ಇದರೊಂದಿಗೆ ಹೇಳಿರಿ.

ಮಕ್ಕಳು ಮಾಡಬಹುದಾದ ನಾಲ್ಕು ಪ್ರಯೋಗಗಳು

1. ಬಾಟಲಿ ಪರೀಕ್ಷೆ: ಅಗಲ ಬಾಯಿಯ ಮೂರು ಬಾಟಲಿಗಳನ್ನು ತೆಗೆದುಕೊಳ್ಳಿ. ಒಂದರಲ್ಲಿ ಎರೆ ಮಣ್ಣು, ಇನ್ನೊಂದರಲ್ಲಿ ಕೆಂಪು ಮಸಾರಿ, ಮತ್ತೊಂದರಲ್ಲಿ ಹಗರಿಯ ಮರಳನ್ನು ನಾಲ್ಕು ಬೆರಳು ಎತ್ತರ ಹಾಕಿ. ನೀರು ತುಂಬಿ ಚೆನ್ನಾಗಿ ಕುಲುಕಿ ಅಲುಗಾಡದಂತೆ ಇಡಿ. ಒಂದೆರಡು ನಿಮಿಷದಲ್ಲಿ ಮರಳು ತಳ ಸೇರುತ್ತದೆ. ನುಣುಪು ಹೂಳು ಕೂರಲು ಕೆಲವು ಗಂಟೆ ಬೇಕು. ಜೇಡಿ ಕೂರಲು ಒಂದು ದಿನವೋ ಇನ್ನೂ ಹೆಚ್ಚೋ ಆದೀತು. ಮೇಲೆ ತೇಲುವ ಕಸಕಡ್ಡಿ ಕೊಳೆತು ಗೊಬ್ಬರವಾಗುವ ಭಾಗ. ಮರುದಿನ ಪದರಗಳನ್ನು ಅಳತೆಪಟ್ಟಿಯಿಂದ ಅಳೆಯಲಿ. ಎರೆ ಹೊಲ ನೀರನ್ನು ಹಿಡಿದಿಡುವುದೇಕೆ, ಮರಳು ಹೊಲಕ್ಕೆ ಎಷ್ಟು ನೀರು ಕಟ್ಟಿದರೂ ನಿಲ್ಲದೇಕೆ ಎಂಬುದು ಹೇಳದೆಯೇ ತಿಳಿಯುತ್ತದೆ.

2. ಹೆಂಟೆ ಪರೀಕ್ಷೆ: ಒಂದೇ ಹೊಲದಿಂದ ಎರಡು ಹೆಂಟೆ ತರಬೇಕು. ಒಂದು ಹುಲ್ಲು ಬೆಳೆದ ಬದುವಿನದು, ಇನ್ನೊಂದು ವರ್ಷವರ್ಷವೂ ಉತ್ತ ಜಾಗದ್ದು. ನೆರಳಲ್ಲಿ ಎರಡು ದಿನ ಒಣಗಿಸಿ, ನೀರು ತುಂಬಿದ ಎರಡು ಗಾಜಿನ ಲೋಟಗಳಲ್ಲಿ ಮೆಲ್ಲಗೆ ಬಿಡಿ. ಉತ್ತ ಜಾಗದ ಹೆಂಟೆ ಸಾಮಾನ್ಯವಾಗಿ ಬೇಗ ಕರಗಿ ನೀರು ರಾಡಿಯಾಗುತ್ತದೆ. ಬದುವಿನದು ಹೆಚ್ಚು ಹೊತ್ತು ಗಟ್ಟಿಯಾಗಿ ನಿಲ್ಲುತ್ತದೆ. ಬೇರು ಮತ್ತು ಕೊಳೆತ ಸೊಪ್ಪುಸದೆ ಅಂಟಿನಂತೆ ಮಣ್ಣಿನ ಕಣಗಳನ್ನು ಹಿಡಿದಿರುವುದೇ ಇದಕ್ಕೆ ಕಾರಣ. ಕೊಟ್ಟಿಗೆ ಗೊಬ್ಬರದ ಬೆಲೆ ಏನೆಂಬುದು ಇಲ್ಲಿ ಕಾಣುತ್ತದೆ.

3. ಡಬ್ಬಿ ಹೊಲ: ಹಳೆಯ ಎಣ್ಣೆ ಡಬ್ಬಿಗಳನ್ನು ಉದ್ದಕ್ಕೆ ಕತ್ತರಿಸಿ ಮೂರು ತಟ್ಟೆ ಮಾಡಿ. ಕತ್ತರಿಸುವ ಕೆಲಸ ದೊಡ್ಡವರದು. ಒಂದರಲ್ಲಿ ಬರಿ ಮಣ್ಣು. ಎರಡನೆಯದರಲ್ಲಿ ಮಣ್ಣಿನ ಮೇಲೆ ಒಣ ಎಲೆ ಅಥವಾ ಶೇಂಗಾ ಸಿಪ್ಪೆ. ಮೂರನೆಯದರಲ್ಲಿ ಮೂರು ವಾರ ಮೊದಲೇ ಚೆಲ್ಲಿದ ಹುರುಳಿಯ ಪೈರು. ಮೂರನ್ನೂ ಒಂದೇ ಇಟ್ಟಿಗೆಯ ಎತ್ತರಕ್ಕೆ ಓರೆ ಮಾಡಿ, ಮುಚ್ಚಳಕ್ಕೆ ತೂತು ಮಾಡಿದ ಬಾಟಲಿಯಿಂದ ಒಂದೇ ಅಳತೆಯ ನೀರು ಚಿಮುಕಿಸಿ, ಕೆಳಗೆ ಹರಿದದ್ದನ್ನು ಲೋಟದಲ್ಲಿ ಹಿಡಿಯಿರಿ. ಯಾವ ಲೋಟದಲ್ಲಿ ನೀರು ಹೆಚ್ಚು, ಯಾವುದರಲ್ಲಿ ಕೆಂಪು ಹೆಚ್ಚು ಎಂದು ಮಕ್ಕಳೇ ಬರೆಯಲಿ.

4. ಗಾಳಿಯ ಕಂಬ: ಇದು ಹಗರಿ ದಂಡೆಯ ಶಾಲೆಗಳಿಗೆ. ಆಷಾಢದಲ್ಲಿ ಒಂದು ಕಂಬ ನೆಟ್ಟು, ಅರ್ಧ ಅಡಿ, ಎರಡು ಅಡಿ, ನಾಲ್ಕು ಅಡಿ ಎತ್ತರಕ್ಕೆ ಮೂರು ಬಾಟಲಿ ಕಟ್ಟಿರಿ. ಬಾಯಿ ಗಾಳಿ ಬರುವ ದಿಕ್ಕಿಗೆ ಇರಲಿ. ಒಂದು ವಾರದ ಮೇಲೆ ಒಳಗೆ ಸೇರಿದ ಮರಳನ್ನು ತೂಗಿರಿ. ಕೆಳಗಿನ ಬಾಟಲಿಯಲ್ಲೇ ಹೆಚ್ಚು ಸಿಗುತ್ತದೆ. ಏಕೆಂದರೆ ಗಾಳಿಗೆ ಸಿಕ್ಕ ಮರಳು ಕಪ್ಪೆಯಂತೆ ನೆಗೆನೆಗೆದು ಸಾಗುತ್ತದೆ. ಬಹುಪಾಲು ನೆಲದಿಂದ ಒಂದು ಅಡಿಯೊಳಗೇ ಇರುತ್ತದೆ. ಮರಳು ತಡೆಯಲು ಮರ ದೊಡ್ಡದಾಗುವವರೆಗೆ ಕಾಯಬೇಕಿಲ್ಲ, ಸಜ್ಜೆಯ ಕೂಳೆ, ಹುಲ್ಲಿನ ಸಾಲು, ಮುಳ್ಳಿನ ಬೇಲಿಯೂ ಕೆಲಸ ಮಾಡುತ್ತವೆ ಎಂಬುದೇ ಇದರ ಪಾಠ. ಇನ್ನೊಂದು ಕಂಬವನ್ನು ಬೇಲಿಯ ಮರೆಯಲ್ಲಿ ನೆಟ್ಟು ಹೋಲಿಸಿದರೆ ಇನ್ನೂ ಚೆನ್ನು.

ಈ ಸಂದರ್ಭದಲ್ಲಿ ಬಳ್ಳಾರಿ ಜಾಲಿಯ ಮಾತೂ ಬರಲಿ. ಅದು ಮರಳನ್ನು ಹಿಡಿಯುತ್ತದೆ, ಸೌದೆ ಕೊಡುತ್ತದೆ. ಆದರೆ ಹಬ್ಬಿದ ಕಡೆ ಹುಲ್ಲಿಗೆ, ಬೇರೆ ಗಿಡಗಳಿಗೆ ಜಾಗ ಬಿಡುವುದಿಲ್ಲ. ಒಂದೇ ಗಿಡದಲ್ಲಿ ಲಾಭವೂ ಹಾನಿಯೂ ಇರಬಹುದು ಎಂದು ಮಕ್ಕಳು ವಾದ ಮಾಡಿ ಕಲಿಯಲಿ.

ಅಜ್ಜನ ಮಾತುಗಳು

ಗಡಿ ಸೀಮೆಯ ನಮ್ಮ ಮಕ್ಕಳಲ್ಲಿ ಕೆಲವರು ಕನ್ನಡ ಮಾಧ್ಯಮದಲ್ಲಿ, ಕೆಲವರು ತೆಲುಗಿನಲ್ಲಿ, ಹೆಚ್ಚುಹೆಚ್ಚು ಮಂದಿ ಇಂಗ್ಲಿಷಿನಲ್ಲಿ ಓದುತ್ತಿದ್ದಾರೆ. ಶಾಲೆಯ ಪುಸ್ತಕ ಯಾವ ಭಾಷೆಯದಾದರೂ ಆಗಲಿ, ಎರೆ, ಮಸಾರಿ, ಗರಸು, ಚೌಳು, ಗೋಡು ಎಂಬ ಮಾತುಗಳು ಮನೆಯಲ್ಲಿ ಉಳಿಯಬೇಕು. ಒಂದೊಂದು ಮಾತಿನ ಹಿಂದೆಯೂ ಯಾವ ನೆಲಕ್ಕೆ ಯಾವ ಬೆಳೆ, ಯಾವ ಮಳೆಗೆ ಬಿತ್ತನೆ ಎಂಬ ತಲೆಮಾರುಗಳ ಅನುಭವವಿದೆ. ಅಜ್ಜ ಅಜ್ಜಿಯರನ್ನು ಕೇಳಿ ಊರಿನ ಮಣ್ಣುಗಳ ಹೆಸರು ಬರೆದು, ಊರಿನ ನಕ್ಷೆಯಲ್ಲಿ ಬಣ್ಣ ತುಂಬುವ ಕೆಲಸ ಕೊಡಿ. ಮರಳು ಬರುವ ಮೊದಲು ಆ ಹೊಲದಲ್ಲಿ ಏನು ಬೆಳೆಯುತ್ತಿತ್ತು ಎಂದೂ ಕೇಳಿ ಬರಲಿ.

ನಮ್ಮ ಸೀಮೆಯಲ್ಲೇ ಒಂದು ಉದಾಹರಣೆ

ಕೆಟ್ಟ ನೆಲ ಮತ್ತೆ ಚಿಗುರೀತೇ ಎಂದು ಮಕ್ಕಳು ಕೇಳದಿರುವುದಿಲ್ಲ. ಉತ್ತರಕ್ಕೆ ಚೆನ್ನೆಕೊತ್ತಪಲ್ಲಿ ಬಳಿಯ ತಿಂಬಕ್ಟು ನೋಡಬಹುದು. ಬಬ್ಲು ಗಂಗೂಲಿ, ಮೇರಿ ವಟ್ಟಮಟ್ಟಂ ದಂಪತಿ ಹಾಗೂ ಸಂಗಡಿಗರು 1990ರಲ್ಲಿ ಅಲ್ಲಿ 32 ಎಕರೆ ಬೋಳು ನೆಲದಲ್ಲಿ ಕೆಲಸ ಆರಂಭಿಸಿದರು. ಮುಖ್ಯವಾಗಿ ಮಾಡಿದ್ದು ಎರಡು ಕೆಲಸ: ಬೆಂಕಿ ಬೀಳದಂತೆ, ದನಕುರಿ ಮೇಯದಂತೆ ಕಾದರು, ಮಳೆ ನೀರು ಓಡದಂತೆ ಒಡ್ಡು ಕಟ್ಟಿದರು. ನೆಲದೊಳಗೆ ಸಾಯದೆ ಉಳಿದಿದ್ದ ಬೇರುಗಳೇ ಚಿಗುರಿ ಮರವಾದವು. ಆ ಹಸಿರಿನ ನಡುವೆಯೇ 'ಪ್ರಕೃತಿ ಬಡಿ' ಎಂಬ ಶಾಲೆ ನಡೆಯಿತು. 'ಬಡಿ' ಎಂದರೆ ತೆಲುಗಿನಲ್ಲಿ ಶಾಲೆ. ಮುಂದೆ ಮುಷ್ಟಿಕೋವಿಲ ಮತ್ತು ಸುತ್ತಲಿನ ಊರವರು ಕೂಡಿ ಕಲ್ಪವಲ್ಲಿ ಎಂಬ ಸಾವಿರಾರು ಎಕರೆಯ ಗುಡ್ಡ, ಹುಲ್ಲುಗಾವಲನ್ನು ಇದೇ ರೀತಿ ಉಳಿಸಿಕೊಂಡರು. ಬೇಸಿಗೆಗೆ ಮೊದಲು ಬೆಂಕಿ ಹರಡದಂತೆ ಹುಲ್ಲು ತೆಗೆದು ಗಡಿ ಮಾಡುವುದು ಅಲ್ಲಿ ಊರವರ ಕೆಲಸ. ಮಕ್ಕಳ ಪ್ರವಾಸವನ್ನು ಪ್ರತಿ ವರ್ಷ ಜಲಪಾತಕ್ಕೇ ಮೀಸಲಿಡದೆ, ಒಮ್ಮೆ ದರ್ಗಾ ಹೊನ್ನೂರಿನ ಮರಳಿಗೆ, ಇನ್ನೊಮ್ಮೆ ಇಂಥ ಗುಡ್ಡಕ್ಕೆ ಕರೆದೊಯ್ದರೆ ಎರಡೂ ಮುಖ ಕಂಡಂತಾಗುತ್ತದೆ.

ಆರೋಗ್ಯದ ಎಚ್ಚರಿಕೆಗಳು

ಮಣ್ಣಿನಲ್ಲಿ ಕೆಲಸ ಮಾಡುವ ಮಕ್ಕಳ ಆರೋಗ್ಯವನ್ನು ಮರೆಯುವಂತಿಲ್ಲ.

• ಚಪ್ಪಲಿ ಕಡ್ಡಾಯ. ಬಯಲಲ್ಲಿ ಮಲವಿಸರ್ಜನೆ ಮಾಡಿದ ಮಣ್ಣಿನಿಂದ ಕೊಕ್ಕೆಹುಳುವಿನ ಮರಿಗಳು ಬರಿಗಾಲಿನ ಚರ್ಮದ ಮೂಲಕ ದೇಹ ಸೇರುತ್ತವೆ. ಅವು ಕರುಳಲ್ಲಿ ರಕ್ತ ಹೀರುವುದರಿಂದ ರಕ್ತಹೀನತೆ ಬರುತ್ತದೆ. ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಶಾಲೆ, ಅಂಗನವಾಡಿಗಳಲ್ಲಿ ಕೊಡುವ ಆಲ್ಬೆಂಡಜೋಲ್ ಮಾತ್ರೆಯನ್ನು ತಪ್ಪಿಸಬೇಡಿ.
• ಗಾಯವಾದರೆ ಸಾಬೂನು, ನೀರಿನಿಂದ ತೊಳೆದು ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಧನುರ್ವಾಯು ತಡೆಯುವ ಟಿ.ಡಿ. ಲಸಿಕೆಯನ್ನು 10 ಮತ್ತು 16ನೇ ವಯಸ್ಸಿನಲ್ಲಿ ಹಾಕಿಸಿರಬೇಕು.
• ಕೀಟನಾಶಕ ಹೊಡೆದ ಹೊಲದ ಮಣ್ಣನ್ನು ಮಕ್ಕಳು ಮುಟ್ಟಬಾರದು. ಔಷಧಿಯ ಖಾಲಿ ಡಬ್ಬಿ, ಬಾಟಲಿಗಳನ್ನು ಪ್ರಯೋಗಕ್ಕೆ ಖಂಡಿತ ಬಳಸಬಾರದು.
• ಕಲ್ಲುಗಳನ್ನು ಕೈಯಿಂದ ಎತ್ತಬಾರದು. ಕೆಳಗೆ ಚೇಳು ಇರಬಹುದು.
• ಮರಳು ಗಾಳಿಯಲ್ಲಿ ಮೂಗು ಬಾಯಿಗೆ ಬಟ್ಟೆ ಕಟ್ಟಿರಲಿ. ಉಬ್ಬಸವಿರುವ ಮಕ್ಕಳನ್ನು ಅಂದು ಒಳಗೇ ಕೂರಿಸಿ ತೂಕ, ಲೆಕ್ಕದ ಕೆಲಸ ಕೊಡಿ.
• ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆದೇ ಊಟ.

ಯಾರು ಮಾಡಬೇಕು?

ಶಾಲೆಗಳಲ್ಲಿ ಪರಿಸರ ಶಿಕ್ಷಣ ಕಡ್ಡಾಯವಾಗಿರಬೇಕೆಂದು ಸುಪ್ರೀಂ ಕೋರ್ಟು 1991ರಲ್ಲೇ ಆದೇಶ ನೀಡಿತು. 2015ರಿಂದ ರೈತರಿಗೆ ಮಣ್ಣು ಆರೋಗ್ಯ ಕಾರ್ಡು ಕೊಡುವ ಯೋಜನೆಯೂ ನಡೆದಿದೆ. ಆದರೆ ಎಷ್ಟೋ ಮನೆಗಳಲ್ಲಿ ಆ ಕಾರ್ಡು ಪಾಸ್‌ಬುಕ್ಕಿನ ನಡುವೆ ಮಡಿಸಿಟ್ಟ ಹಾಗೇ ಇರುತ್ತದೆ. ಓದು ಬಲ್ಲ ಮಗ ಅಥವಾ ಮಗಳ ಕೈಗೆ ಅದನ್ನು ಕೊಟ್ಟು, "ನಮ್ಮ ಹೊಲಕ್ಕೆ ಏನು ಕಡಿಮೆ ಇದೆ, ಓದಿ ಹೇಳವ್ವ" ಎಂದು ತಂದೆ ಕೇಳಿದರೆ ಅದೇ ಒಂದು ಪಾಠ. ಶಿಕ್ಷಕರು ವರ್ಷದಲ್ಲಿ ನಾಲ್ಕು ದಿನ ತರಗತಿಯನ್ನು ಹೊಲಕ್ಕೆ ತರಲಿ; ರೈತರು ಆ ನಾಲ್ಕು ದಿನ ತಮ್ಮ ಹೊಲವನ್ನು ಬಿಟ್ಟುಕೊಡಲಿ. ಡಿಸೆಂಬರ್ 5 ವಿಶ್ವ ಮಣ್ಣು ದಿನ. ಅಂದು ಭಾಷಣಕ್ಕೆ ಬದಲು ಮಕ್ಕಳು ಬಾಟಲಿಗಳನ್ನು ಸಾಲಾಗಿ ಇಟ್ಟು ತಂದೆತಾಯಿಗಳಿಗೆ ವಿವರಿಸಲಿ.

ಓದಿದ ಮಕ್ಕಳು ಬೆಂಗಳೂರಿಗೋ ಬಳ್ಳಾರಿಗೋ ಕೆಲಸಕ್ಕೆ ಹೋಗುತ್ತಾರೆ, ಅವರಿಗೇಕೆ ಮಣ್ಣಿನ ಪಾಠ ಎಂದು ಕೆಲವರು ಕೇಳಬಹುದು. ಹೋದವರ ಹೆಸರಿನಲ್ಲೂ ನಾಳೆ ಪಹಣಿ ಇರುತ್ತದೆ. ಬದುವಿನ ಮರ ಕಡಿಯಬೇಕೋ ಬಿಡಬೇಕೋ, ಹೊಲವನ್ನು ಗುತ್ತಿಗೆಗೆ ಯಾವ ಷರತ್ತಿನ ಮೇಲೆ ಕೊಡಬೇಕು ಎಂದು ತೀರ್ಮಾನಿಸುವವರು ಅವರೇ. ಅಂದು ಅವರಿಗೆ ದಾರಿ ತೋರುವುದು ಇಂದು ಕೈಯಾರೆ ಮಾಡಿ ನೋಡಿದ ಕೆಲಸವೇ. ಮುಂದಿನ ಬಿತ್ತನೆಗೆ ಮೊದಲು ನಿಮ್ಮ ಹೊಲದ ಪಶ್ಚಿಮದ ಬದುವಿನ ಮೇಲೆ ಮಕ್ಕಳ ಕೈಯಿಂದ ಒಂದು ಸಾಲು ಹೊಂಗೆ ಬೀಜ ಊರಿಸಿ, ಅದರ ಮುಂದೆ ನಾಲ್ಕು ಸಾಲು ಸಜ್ಜೆ ಬಿತ್ತಿರಿ. ಕೊಯ್ಯುವಾಗ ಆ ಸಜ್ಜೆಯ ಕೂಳೆಯನ್ನು ಒಂದು ಅಡಿ ಬಿಟ್ಟು ಕೊಯ್ಯಿರಿ. ಮರುವರ್ಷದ ಆಷಾಢದಲ್ಲಿ ಅದರ ಬುಡದಲ್ಲಿ ನಿಂತ ಮರಳನ್ನು ಮಕ್ಕಳೇ ಅಳೆದು ಹೇಳಲಿ.