ಅದು ಶೀತದ ನೀರಲ್ಲ

ಮೆದುಳಿನ ಶಸ್ತ್ರಕ್ರಿಯೆಯೆಂದರೆ ನಾವೆಲ್ಲ ಹೆದರುವುದು ತಲೆಬುರುಡೆ ತೆರೆಯುವ ಗಳಿಗೆಗೆ. ರೋಗಿ ಕಣ್ಣುಬಿಟ್ಟು ಮಾತನಾಡಿದನೆಂದರೆ ಗಂಡಾಂತರ ಕಳೆಯಿತೆಂದು ನಿಟ್ಟುಸಿರು ಬಿಡುತ್ತೇವೆ. ಆದರೆ ಮನೆಗೆ ಮರಳಿದ ಮೇಲೂ ಕೆಲವು ವಾರ ಮನೆಮಂದಿ ಕಣ್ಣಿಟ್ಟಿರಬೇಕಾದ ಸಂಗತಿಯೊಂದಿದೆ: ಮೂಗಿನಿಂದಲೋ ಕಿವಿಯಿಂದಲೋ ಹೊಲಿಗೆಯ ಸಂದಿನಿಂದಲೋ ತೊಟ್ಟಿಕ್ಕುವ ತಿಳಿನೀರು. ಶೀತವಾಗಿದೆಯೆಂದು ಶುಂಠಿ ಕಷಾಯ ಕೊಟ್ಟು ನಾಲ್ಕು ದಿನ ನೋಡೋಣವೆನ್ನುವವರೇ ನಮ್ಮಲ್ಲಿ ಹೆಚ್ಚು.

ಮೆದುಳು ಬುರುಡೆಯೊಳಗೆ ಒಂದು ತಿಳಿದ್ರವದಲ್ಲಿ ತೇಲುತ್ತಿರುತ್ತದೆ. ಪುಸ್ತಕದಲ್ಲಿ ಅದಕ್ಕೆ ಮಸ್ತಿಷ್ಕ-ಮೇರು ದ್ರವವೆಂದು ಹೆಸರು, ಡಾಕ್ಟರರು ಸಿ.ಎಸ್.ಎಫ್. ಎನ್ನುತ್ತಾರೆ. ವಯಸ್ಕರಲ್ಲಿ ಒಂದು ಹೊತ್ತಿಗೆ ಇರುವುದು ಸುಮಾರು 150 ಮಿಲಿಲೀಟರು. ದಿನವೊಂದಕ್ಕೆ ಹುಟ್ಟುವುದೋ ಸುಮಾರು 500. ಆದುದರಿಂದ ಸೋರಿಹೋದ ನೀರಿಗಿಂತ ಅದು ಸೋರಿದ ದಾರಿಯೇ ಹೆಚ್ಚು ಭಯದ್ದು. ನೀರು ಹೊರಬರುವಲ್ಲಿ ರೋಗಾಣು ಒಳಹೋಗಬಹುದು. ಹೋದರೆ ಮೆದುಳಿನ ಪೊರೆಯ ಉರಿಯೂತ, ಅಂದರೆ ಮೆನಿಂಜೈಟಿಸ್.

ಈ ದ್ರವವನ್ನು ಹಿಡಿದಿಡುವ ಗಟ್ಟಿ ಪೊರೆಗೆ ಡ್ಯೂರಾ ಎಂದು ಹೆಸರು. ಅದನ್ನು ಕತ್ತರಿಸದೆ ಮೆದುಳನ್ನು ಮುಟ್ಟುವಂತಿಲ್ಲ. ಹಿಂದಿರುಗುವಾಗ ನೀರು ಜಿನುಗದಂತೆ ಹೊಲಿಯಬೇಕು. ಸೂಜಿ ಚುಚ್ಚಿದ ತೂತಿನಲ್ಲಿಯೂ ಜಿನುಗುವುದುಂಟು. ಪೊರೆ ಸಾಲದಿದ್ದರೆ ರೋಗಿಯದೇ ತೊಡೆಯಿಂದಲೋ ಬುರುಡೆಯ ಮೇಲಿನಿಂದಲೋ ತೆಗೆದ ಪೊರೆಯ ತೇಪೆ ಹಾಕುತ್ತಾರೆ. ಅಮೆರಿಕದ ವಾಲ್ಟರ್ ಡ್ಯಾಂಡಿ 1926ರಷ್ಟು ಹಿಂದೆಯೇ ತೊಡೆಯ ಪೊರೆಯಿಂದ ಇಂತಹ ಸೋರಿಕೆ ಮುಚ್ಚಿದ್ದನು. ರಕ್ತ ಹೆಪ್ಪುಗಟ್ಟಿಸುವ ಸತ್ವದಿಂದ ಮಾಡಿದ ಅಂಟು ಈಗ ಜೊತೆಗೆ ಸೇರಿದೆ.

ಪಿಟ್ಯುಟರಿ ಗ್ರಂಥಿಯ ಗಡ್ಡೆಯನ್ನು ಮೂಗಿನ ಮೂಲಕವೇ ತೆಗೆಯುವಾಗ ತೊಡಕು ಇನ್ನೂ ಹೆಚ್ಚು. ಅಲ್ಲಿ ಹೊಲಿಯಲು ಕೈಗೆ ಎಡೆಯಿಲ್ಲ. ಆರ್ಜೆಂಟೀನದ ಹದಾದ್, ಬಸ್ಸಗಸ್ತೆಗಿ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಉಪಾಯ ಸೊಗಸಾದುದು: ಮೂಗಿನ ನಡುಗೋಡೆಯ ಒಳಪದರವನ್ನು ಅದರ ರಕ್ತನಾಳ ಕಡಿಯದಂತೆ ಬಿಡಿಸಿ, ತಿರುಗಿಸಿ, ತೂತಿನ ಮೇಲೆ ಹಾಸುವುದು. ಬೇರು ಸಮೇತ ನೆಟ್ಟ ಗಿಡದಂತೆ ಅದು ಬೇಗ ಹಿಡಿಯುತ್ತದೆ. ದೊಡ್ಡ ತೂತುಗಳ ಸೋರಿಕೆ ಇದರಿಂದ ಬಹಳಷ್ಟು ಇಳಿಯಿತು.

ಡಾಕ್ಟರರ ಕೆಲಸ ಅಲ್ಲಿಗೆ ಮುಗಿದರೂ ನಮ್ಮದು ಮುಗಿಯುವುದಿಲ್ಲ. ಹಸಿ ತೇಪೆಗೆ ಒಳಗಿನ ಒತ್ತಡವೇ ಶತ್ರು. ಅನುಮತಿ ಸಿಗುವವರೆಗೆ ಕೊಡಪಾನ ಎತ್ತಬಾರದು, ಬಗ್ಗಿ ಅಂಗಳ ಗುಡಿಸಬಾರದು. ಮೂಗಿನ ಮೂಲಕ ಶಸ್ತ್ರಕ್ರಿಯೆಯಾದವರು ಜೋರಾಗಿ ಸಿಂಬಳ ತೆಗೆಯಲೇಬಾರದು. ಸೀನು ಬಂದರೆ ತಡೆಯದೆ ಬಾಯಿ ತೆರೆದು ಸೀನಬೇಕು. ತಲೆ ತುಸು ಎತ್ತರವಾಗಿಟ್ಟು ಮಲಗಬೇಕು. ಮಲಬದ್ಧತೆಯ ವಿಷಯ ಹೇಳಲು ನಮ್ಮ ಹಿರಿಯರಿಗೆ ಸಂಕೋಚ. ಮುಕ್ಕಿರಿದರೆ ತಲೆಯೊಳಗಿನ ಒತ್ತಡ ಏರುತ್ತದೆ, ಆದುದರಿಂದ ಕೇಳಿ ಔಷಧ ಪಡೆಯಬೇಕು.

ಈ ಸೂಚನೆಗಳ ಚೀಟಿ ಇಂಗ್ಲಿಷಿನಲ್ಲೋ ಮಲೆಯಾಳದಲ್ಲೋ ಇರುತ್ತದೆ. ಆರೈಕೆ ಮಾಡುವವರು ಕನ್ನಡ ಮಾತ್ರ ಬಲ್ಲ ಅಮ್ಮನೋ ಅತ್ತೆಯೋ. ಆಸ್ಪತ್ರೆ ಬಿಡುವ ಮುನ್ನವೇ ಅದನ್ನು ಒಂದೊಂದಾಗಿ ಓದಿಸಿ, ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸುವುದು ಮನೆಯ ಶಾಲಾಮಕ್ಕಳಿಗೆ ಕಷ್ಟದ ಕೆಲಸವಲ್ಲ.

ಶೀತದ ನೀರು ಬರಬರುತ್ತ ದಪ್ಪವಾಗುತ್ತದೆ. ಇದು ತಿಳಿಯಾಗಿಯೇ ಉಳಿಯುತ್ತದೆ. ಹೆಚ್ಚಾಗಿ ಒಂದೇ ಹೊಳ್ಳೆಯಿಂದ, ಮುಂದಕ್ಕೆ ಬಾಗಿದಾಗ ಹನಿಯುತ್ತದೆ. ಗಂಟಲಲ್ಲಿ ಉಪ್ಪುಪ್ಪು ರುಚಿ, ಎದ್ದು ಕುಳಿತರೆ ಏರಿ ಮಲಗಿದರೆ ಇಳಿಯುವ ತಲೆನೋವು ಇದ್ದರೆ ಸಂಶಯ ಬಲವಾಗುತ್ತದೆ. ಮೂಗಿಗೆ ಹತ್ತಿ ತುರುಕದೆ ಅಂದೇ ಡಾಕ್ಟರರಿಗೆ ತಿಳಿಸಬೇಕು. ಜ್ವರ, ಕುತ್ತಿಗೆ ಸೆಟೆತ, ಮಂಪರು ಕಂಡರೆ ನಡುರಾತ್ರಿಯಾದರೂ ಹೊರಡಬೇಕು.

ಸಾಧ್ಯವಾದರೆ ನಾಲ್ಕು ಹನಿಯನ್ನು ಶುದ್ಧ ಸೀಸೆಯಲ್ಲಿ ಹಿಡಿದೊಯ್ಯಿರಿ. ಬೀಟಾ-2 ಟ್ರಾನ್ಸ್‌ಫೆರಿನ್ ಎಂಬ ಸತ್ವವನ್ನು ಅದರಲ್ಲಿ ಹುಡುಕಿ, ನೀರು ಮೆದುಳಿನದೇ ಎಂದು ಪ್ರಯೋಗಾಲಯದವರು ಹೇಳಬಲ್ಲರು. ಕೆಲವು ಸೋರಿಕೆ ಹಾಸಿಗೆಯ ವಿಶ್ರಾಂತಿಯಿಂದಲೇ ನಿಲ್ಲುತ್ತದೆ. ಕೆಲವರಿಗೆ ಸೊಂಟದ ಬಳಿ ಸಣ್ಣ ನಳಿಕೆಯಿಟ್ಟು ಕೆಲವು ದಿನ ದ್ರವ ತೆಗೆಯುತ್ತಾರೆ. ಅದಕ್ಕೂ ನಿಲ್ಲದಿದ್ದರೆ ತೂತನ್ನು ಹುಡುಕಿ ಮತ್ತೆ ಮುಚ್ಚುತ್ತಾರೆ.